ಹಟದ ಹಿಂದೆ ಏನಿದೆ? ಬಿಹೇವಿಯರ್ ಅನಲಿಸ್ಟ್ ಮಾಡುವ ಕೆಲಸ



ಮಾತು ಬಾರದ ಐದಾರು ವರ್ಷದ ಮಗು ಅಂಗಡಿ ಮುಂದೆ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳುತ್ತದೆ. ನೋಡಿದವರು, ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ ಅಂತಾರೆ. ಆಟಿಸಂ ಇರುವ ಮಕ್ಕಳ ಮನೆಗಳಲ್ಲಿ ಇದು ಹೊಸದಲ್ಲ. ಇಂಥ ತಾಯಂದಿರಿಗೆ ಬಿಹೇವಿಯರ್ ಅನಲಿಸ್ಟ್, ಅಂದರೆ ವರ್ತನಾ ವಿಶ್ಲೇಷಕರನ್ನು ಕಾಣಿರಿ ಎಂದು ಪಟ್ಟಣದಲ್ಲಿ ಹೇಳಿ ಕಳಿಸುವುದುಂಟು. ಇವರು ಯಾರು?

ಇವರು ಔಷಧ ಕೊಡುವವರಲ್ಲ, ಮೊದಲು ಕೂತು ನೋಡುವವರು. ಹಟಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು ಎಂಬ ಮೂರನ್ನೂ ಪ್ರತಿ ಸಲ ಬರೆದಿಡುತ್ತಾರೆ. ನಾವು ಸಂಘದ ಲೆಕ್ಕ ಬರೆಯುವುದಿಲ್ಲವೇ, ಹಾಗೆಯೇ: ದಿನಕ್ಕೆ ಎಷ್ಟು ಸಲ, ಎಷ್ಟು ನಿಮಿಷ. ಬರೆಯುತ್ತಾ ಹೋದಂತೆ ಕಾರಣ ಕಾಣತೊಡಗುತ್ತದೆ. ಬಿಸ್ಕೆಟ್ ಬೇಕೋ, ಗದ್ದಲ ತಡೆಯಲಾರದೆ ಅಲ್ಲಿಂದ ಹೊರಡಬೇಕೋ, ಅಮ್ಮ ತನ್ನ ಕಡೆ ನೋಡಬೇಕೋ? ಕಿವಿನೋವು, ಹಲ್ಲುನೋವು ಇದ್ದರೂ ಮಕ್ಕಳು ಹೀಗೆ ಮಾಡಬಹುದು. ಅದಕ್ಕೇ ಕೆಲಸ ಬಲ್ಲವರು, ಮೊದಲು ಡಾಕ್ಟರಿಗೆ ತೋರಿಸಿ ಅಂತಾರೆ.

ಬಿಸ್ಕೆಟಿಗಾಗಿ ಅಂತ ಗೊತ್ತಾದರೆ ಕೇಳುವ ಬೇರೆ ದಾರಿ ಕಲಿಸುತ್ತಾರೆ. ಕೈ ಚಾಚುವುದು, ಚಿತ್ರ ತೋರಿಸುವುದು, ಇಂಥವು. ಹಾಗೆ ಕೇಳಿದ ಕೂಡಲೇ ಬಿಸ್ಕೆಟ್. ಅತ್ತರೆ ಇಲ್ಲ, ತಲೆಗೆ ಪೆಟ್ಟಾಗದಂತೆ ಕಾಯುವುದು ಮಾತ್ರ. ಮೊದಮೊದಲು ಅಳು ಇನ್ನೂ ಜೋರಾಗಬಹುದು. ಆಗ ಅಜ್ಜಿ ಕನಿಕರಪಟ್ಟು ಒಂದು ಕೊಟ್ಟರೋ, ಜೋರಾಗಿ ಅತ್ತರೆ ಸಿಗುತ್ತೆ ಅಂತ ಮಗು ಕಲಿತಾಯಿತು! ಹಾಗಾಗಿ ಮನೆಯವರೆಲ್ಲರನ್ನೂ ಒಪ್ಪಿಸಿ ಜತೆಗೆ ಕರೆದುಕೊಂಡು ಹೋಗುವ ತಾಳ್ಮೆ ಇವರಿಗೆ ಬೇಕು. ನಮ್ಮ ಅಭಿಪ್ರಾಯದಲ್ಲಿ ಪುಸ್ತಕದ ಓದಿಗಿಂತ ಇದೇ ಕಷ್ಟದ ವಿದ್ಯೆ.

1960ರ ದಶಕದಲ್ಲಿ ಅಮೆರಿಕದಲ್ಲಿ ಈ ಪದ್ಧತಿ ಬೆಳೆಯುವಾಗ ಮಕ್ಕಳಿಗೆ ಏಟು, ಕರೆಂಟ್ ಶಾಕ್ ಕೊಟ್ಟದ್ದೂ ಇದೆ. ಈಗ ಯಾರಾದರೂ ಹೊಡೆದು ಸರಿಮಾಡುತ್ತೇವೆಂದರೆ ಮಗುವನ್ನು ಎತ್ತಿಕೊಂಡು ಹೊರಟುಬನ್ನಿ.

ಇನ್ನೊಂದು ಮಾತು. ನಮ್ಮ ದೇಶದ 1992ರ ಪುನರ್ವಸತಿ ಪರಿಷತ್ ಕಾಯ್ದೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರ ಹೆಸರಿದೆ. ಬಿಹೇವಿಯರ್ ಅನಲಿಸ್ಟ್ ಎಂಬ ಪ್ರತ್ಯೇಕ ಹೆಸರಿಲ್ಲ. ಆದ್ದರಿಂದ ಬೋರ್ಡ್ ನೋಡಿ, ಸಂಘದಲ್ಲಿ ಸಾಲ ತೆಗೆದು ಫೀಸು ಕಟ್ಟಬೇಡಿ. ಏನು ಓದಿದ್ದೀರಿ, ಪರಿಷತ್ತಿನ ನೋಂದಣಿ ಇದೆಯೇ, ನನ್ನ ಮಗುವಿನ ಬಗ್ಗೆ ಬರೆದಿಟ್ಟದ್ದನ್ನು ತೋರಿಸುತ್ತೀರಾ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸರ್ಕಾರದವು. ಅಲ್ಲಿ ಆಟಿಸಂ ತಪಾಸಣೆ ಇದೆ. ಹೋಗುವ ಮುಂಚೆ ಒಂದು ವಾರ ನೀವೇ ಬರೆದಿಡಿ. ಬರೆಯಲು ಬಾರದಿದ್ದರೆ ಹಟ ಮಾಡಿದ ಪ್ರತಿ ಸಲಕ್ಕೂ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಿರಿ, ಉಳಿದದ್ದನ್ನು ಸಂಘದ ಪುಸ್ತಕ ಬರೆಯುವವರಿಂದ ಬರೆಸಿಕೊಳ್ಳಿ.