ಹಳೇ ಪಿಕಪ್‌ಗೆ ಯಾವ ಆಯಿಲ್?

ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುವ, ಮಲೆನಾಡಿನಿಂದ ಅಡಿಕೆ ಮೂಟೆ ಇಳಿಸುವ, ಊರ ಹಬ್ಬಕ್ಕೆ ಶಾಮಿಯಾನ ಸಾಗಿಸುವ ಪಿಕಪ್‌ಗಳಲ್ಲಿ ಹತ್ತು ವರ್ಷ ದಾಟಿದವು ಬೇಕಾದಷ್ಟಿವೆ. ಬೊಲೆರೊ ಪಿಕಪ್, ಟಾಟಾ 207, ಮೊದಮೊದಲ ಅಶೋಕ್ ಲೇಲ್ಯಾಂಡ್ ದೋಸ್ತ್. ಇಂಥ ಗಾಡಿಯನ್ನು ಆಯಿಲ್ ಚೇಂಜ್‌ಗೆ ಬಿಟ್ಟಾಗ ಗ್ಯಾರೇಜಿನಲ್ಲಿ ಒಂದು ಮಾತು ಬಂದೇ ಬರುತ್ತದೆ: "ಅಣ್ಣಾ, ಗಾಡಿಗೆ ವಯಸ್ಸಾಯ್ತು, ಈ ಸಲ ಸ್ವಲ್ಪ ಮಂದದ್ದೇ ಹಾಕೋಣ." ಕಾಳಜಿಯಿಂದಲೇ ಹೇಳುವ ಮಾತು. ಆದರೆ ವಯಸ್ಸು ನೋಡಿ ಆಯಿಲ್ ಆರಿಸುವುದು ಸರಿಯಾದ ದಾರಿಯಲ್ಲ. ನೋಡಬೇಕಾದದ್ದು ಇಂಜಿನ್ ಈಗ ಯಾವ ಸ್ಥಿತಿಯಲ್ಲಿದೆ, ಡಬ್ಬಿಯ ಮೇಲೆ ಏನು ಬರೆದಿದೆ ಎಂಬುದನ್ನು.

ಡಬ್ಬಿಯ ಮೇಲೆ ಎರಡು ಸಂಗತಿ ಇರುತ್ತವೆ. ಮೊದಲನೆಯದು 15ಡಬ್ಲ್ಯು-40 ಎಂಬಂಥ ಅಂಕಿ. ಡಬ್ಲ್ಯು ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ತಣ್ಣಗಿರುವಾಗ ಆಯಿಲ್ ಬೇಗ ಹರಿಯುತ್ತದೆ. ಮುಂದಿನ 40 ಎಂಬುದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಅಳತೆ. ಈ ಅಂಕಿಗಳನ್ನು ಗೊತ್ತುಪಡಿಸುವ ಎಸ್ಎಇ ನಿಯಮದ ಪ್ರಕಾರ 40ರ ಆಯಿಲ್‌ನ ಮಂದತನ ಆ ಬಿಸಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿರಬೇಕು, 50ರದ್ದು 16.3ರಿಂದ 21.9ರ ಒಳಗೆ. 15ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 20ಡಬ್ಲ್ಯುವನ್ನು 15 ಡಿಗ್ರಿ ಕೆಳಗೆ. ಅಂಥ ಚಳಿ ನಮ್ಮಲ್ಲಿ ಎಲ್ಲಿದೆ ಎಂದು ಕೇಳಬಹುದು. ಇಲ್ಲ, ನಿಜ. ಬೀದರಿನ ಡಿಸೆಂಬರ್ ಬೆಳಗಿನಲ್ಲೂ 20ಡಬ್ಲ್ಯು ಹಾಕಿದ ಗಾಡಿ ಸ್ಟಾರ್ಟ್ ಆಗುತ್ತದೆ. ವ್ಯತ್ಯಾಸ ಇರುವುದು ಸ್ಟಾರ್ಟ್ ಆದ ಮೇಲಿನ ಕೆಲವು ಸೆಕೆಂಡುಗಳಲ್ಲಿ.

ಸಾಮಾನ್ಯ 15ಡಬ್ಲ್ಯು-40 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 110 ಸೆಂಟಿಸ್ಟೋಕ್ ಇರುತ್ತದೆ, 100 ಡಿಗ್ರಿಗೆ ಬಂದಾಗ 14-15ಕ್ಕೆ ಇಳಿಯುತ್ತದೆ. ಅಂದರೆ 40 ಡಿಗ್ರಿಯಲ್ಲಿ ಅದು ಬಿಸಿ ಇಂಜಿನ್ನಿನಲ್ಲಿ ಇರುವುದಕ್ಕಿಂತ ಏಳೆಂಟು ಪಟ್ಟು ಮಂದ. ಬೆಳಗಿನ ಜಾವದ 15 ಡಿಗ್ರಿಯಲ್ಲಿ ಇನ್ನೂ ಮಂದವಾಗಿ, ಹರಳೆಣ್ಣೆಯ ಹಾಗೆ ಕೂತಿರುತ್ತದೆ. ಚಾವಿ ತಿರುಗಿಸಿದಾಗ ಪಂಪು ಅದನ್ನು ಚೇಂಬರಿನಿಂದ ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕಿನ ಬೇರಿಂಗ್‌ಗೆ, ಟ್ಯಾಪೆಟ್‌ಗೆ, ಕೊನೆಗೆ ಟರ್ಬೊಗೆ ಮುಟ್ಟಿಸಬೇಕು. ಮುಟ್ಟುವವರೆಗೆ ಲೋಹ ಲೋಹವನ್ನೇ ಉಜ್ಜುತ್ತದೆ. ಇಂಜಿನ್ನಿನ ಸವೆತದಲ್ಲಿ ದೊಡ್ಡ ಪಾಲು ಈ ಹೊತ್ತಿನದು. ಆಯಿಲ್ ಮಂದವಾದಷ್ಟೂ ಈ ಹೊತ್ತು ಉದ್ದವಾಗುತ್ತದೆ. ಸಾಲದ್ದಕ್ಕೆ, ಫಿಲ್ಟರ್ ಒಳಗೆ ಒಂದು ಬೈಪಾಸ್ ವಾಲ್ವ್ ಇರುತ್ತದೆ. ತೀರಾ ಮಂದವಾದ ಆಯಿಲ್ ಕಾಗದದ ಪದರದಲ್ಲಿ ತೂರಲಾರದೆ ನಿಂತರೆ ಆ ವಾಲ್ವ್ ತೆರೆದು, ಸೋಸದ ಆಯಿಲನ್ನೇ ನೇರವಾಗಿ ಬೇರಿಂಗಿಗೆ ಬಿಡುತ್ತದೆ.

ಮಂದ ಆಯಿಲ್ ಹಾಕಿದ ಮೇಲೆ ಪ್ರೆಶರ್ ಮೀಟರ್ ಮುಳ್ಳು ಮೇಲೆ ನಿಲ್ಲುತ್ತದೆ, ಓನರ್‌ಗೆ ಖುಷಿಯಾಗುತ್ತದೆ. ಈ ಖುಷಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಪ್ರೆಶರ್ ಬೇರೆ, ಹರಿವು ಬೇರೆ. ಸಂದಿಯಲ್ಲಿ ಹೋಗಲಾರದ ಆಯಿಲ್ ಹಿಂದೆ ಒತ್ತುವುದರಿಂದಲೂ ಮುಳ್ಳು ಏರುತ್ತದೆ. ಒತ್ತಡ ಮಿತಿ ಮೀರಿದಾಗ ಪಂಪಿನ ರಿಲೀಫ್ ವಾಲ್ವ್ ತೆರೆದುಕೊಂಡು ಒಂದಷ್ಟು ಆಯಿಲ್ ವಾಪಸ್ ಚೇಂಬರಿಗೇ ಬೀಳುತ್ತದೆ. ಬೇರಿಂಗಿನ ಶಾಖ ಹೊತ್ತೊಯ್ಯುವುದು ಹರಿಯುವ ಆಯಿಲ್. ಮುಳ್ಳಿನ ಎತ್ತರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

ಹಾಗಾದರೆ 20ಡಬ್ಲ್ಯು-50 ಬೇಡವೇ ಬೇಡವೆ? ಕೆಲವರಿಗೆ ಬೇಕು. ಟರ್ಬೊ ಇಲ್ಲದ ಹಳೇ ಡಿಐ ಇಂಜಿನ್, ಬೇರಿಂಗ್ ಸಂದಿ ಸಡಿಲವಾಗಿದೆ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಲೋಡ್ ಹೊತ್ತು ಬಂದು ಸ್ಲೋನಲ್ಲಿ ನಿಲ್ಲಿಸಿದಾಗ ಆಯಿಲ್ ಲೈಟ್ ಮಿಣುಕುತ್ತದೆ, ಗಾಡಿಯ ಪುಸ್ತಕದಲ್ಲೂ ಸೆಕೆಯ ಪ್ರದೇಶಕ್ಕೆ ಆ ಗ್ರೇಡ್ ಒಪ್ಪಿದ್ದಾರೆ ಎಂದರೆ ಧಾರಾಳವಾಗಿ ಹಾಕಿ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿಸಿ: ಆಯಿಲ್ ಸ್ವಿಚ್ ತೆಗೆದು ಆ ಜಾಗಕ್ಕೆ ಗೇಜ್ ಹಾಕಿ ನಿಜವಾದ ಪ್ರೆಶರ್ ಎಷ್ಟಿದೆ ನೋಡಿಸಿ. ಕೆಟ್ಟಿರುವುದು ಬರೀ ಸ್ವಿಚ್ಚೇ ಆಗಿರುವುದೂ ಉಂಟು. ಪ್ರೆಶರ್ ನಿಜಕ್ಕೂ ಕುಸಿದಿದ್ದರೆ ಮಂದ ಆಯಿಲ್‌ನಿಂದ ಸಿಗುವುದು ಕೆಲವು ತಿಂಗಳ ವಾಯಿದೆ. ಇಂಜಿನ್ ಕೆಲಸಕ್ಕೆ ದುಡ್ಡು ಹೊಂದಿಸಲು ಆ ಸಮಯ ಸಾಕಾದರೆ ಅಷ್ಟರ ಮಟ್ಟಿಗೆ ಲಾಭ.

ಟರ್ಬೊ ಇರುವ, ಕಾಮನ್ ರೈಲ್ ಇಂಜಿನ್ನಿಗೆ ಮಾತ್ರ ಇಂಥ ಪ್ರಯೋಗ ಬೇಡ. ಹತ್ತು ವರ್ಷ ದಾಟಿದ ಬಹುತೇಕ ಡೀಸೆಲ್ ಪಿಕಪ್‌ಗಳಿಗೆ ಕಂಪನಿ ಹೇಳಿದ್ದು 15ಡಬ್ಲ್ಯು-40. ಈಗಲೂ ಅದೇ ಸರಿ.

ಡಬ್ಬಿಯ ಎರಡನೇ ಸಂಗತಿ ಆಯಿಲ್‌ನ ಗುಣಮಟ್ಟ ಹೇಳುವ ಎಪಿಐ ಅಕ್ಷರಗಳು. ಅಂಗಡಿಯಲ್ಲಿ ಇದನ್ನು ಕೇಳುವವರು ಕಡಿಮೆ, ಆದರೆ ನನ್ನ ಪ್ರಕಾರ ಗ್ರೇಡಿಗಿಂತ ಇದರಲ್ಲೇ ಹೆಚ್ಚು ಜನ ಎಡವುತ್ತಾರೆ. ‘ಸಿ’ಯಿಂದ ಶುರುವಾದರೆ ಡೀಸೆಲ್‌ಗೆ, ‘ಎಸ್’ನಿಂದ ಶುರುವಾದರೆ ಪೆಟ್ರೋಲ್‌ಗೆ. ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರ ಕೊನೆಗೆ. ಸಿಎಫ್-4ಅನ್ನು ಎಪಿಐ ಕೈಬಿಟ್ಟು ಬಹಳ ಕಾಲವಾಯಿತು, ಆದರೂ ಸಣ್ಣ ಊರಿನ ಅಂಗಡಿಗಳಲ್ಲಿ ಅಗ್ಗದ ಡಬ್ಬಿಯ ಮೇಲೆ ಅದು ಇನ್ನೂ ಕಾಣಿಸುತ್ತದೆ. ಉಳಿಯುವ ಐವತ್ತು ನೂರು ರೂಪಾಯಿಗೆ ಆಸೆ ಪಡಬೇಡಿ. ಸಿಐ-4 ಕೇಳಿ ತನ್ನಿ. ಇಂಡಿಯನ್ ಆಯಿಲ್‌ನ ಸರ್ವೊ, ಬಿಪಿಸಿಎಲ್‌ನ ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಗಲ್ಫ್, ಶೆಲ್ ಯಾವುದಾದರೂ ಆದೀತು. ಅಕ್ಷರ ಸರಿಯಿದ್ದರೆ ಬ್ರ್ಯಾಂಡಿನ ಜಗಳ ಚಹಾದಂಗಡಿಗೆ ಬಿಟ್ಟದ್ದು. ಬೈಕಿಗೆಂದು ತಂದ 20ಡಬ್ಲ್ಯು-40 ಮನೆಯಲ್ಲಿ ಉಳಿದಿದೆ ಎಂದು ಪಿಕಪ್‌ಗೆ ಸುರಿಯಬೇಡಿ. ಅದರಲ್ಲಿ ಡೀಸೆಲ್ ಮಸಿ ಹಿಡಿದಿಡುವ ಶಕ್ತಿ ಇರುವುದಿಲ್ಲ.

ಮಸಿಯ ವಿಷಯ ಬಂದಿದ್ದರಿಂದ ಹೇಳಬೇಕು. ಹೊಸ ಆಯಿಲ್ ಹಾಕಿ ಎರಡೇ ದಿನಕ್ಕೆ ಕಪ್ಪಾಯಿತು, ಮೋಸದ ಮಾಲು ಎಂದು ಅಂಗಡಿಯವನ ಮೇಲೆ ಎಗರಾಡುವವರಿದ್ದಾರೆ. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ, ಅದರಲ್ಲಿ ಒಂದಷ್ಟು ರಿಂಗ್ ದಾಟಿ ಕೆಳಗಿಳಿಯುತ್ತದೆ. ಆ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗದಂತೆ ಬಿಡಿಬಿಡಿಯಾಗಿ ತೇಲಿಸಿ ಇಡುವುದು ಒಳ್ಳೇ ಡೀಸೆಲ್ ಆಯಿಲ್‌ನ ಕೆಲಸ. ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವ ಲಕ್ಷಣ. ತಿಂಗಳುಗಟ್ಟಲೆ ಹೊಂಬಣ್ಣ ಉಳಿಸಿಕೊಂಡ ಡೀಸೆಲ್ ಆಯಿಲ್ ಇದ್ದರೆ ಮಸಿ ಎಲ್ಲಿ ಕೂತಿದೆ ಎಂದು ನಾವೇ ಯೋಚಿಸಬೇಕು.

ಸಿಕೆ-4 ಹೊಸದು, ಬೂದಿಯ ಅಂಶ ಕಡಿಮೆ. ಹಳೇ ಗಾಡಿಗೆ ಹಾಕಬಹುದೆ? ಹಾಕಬಹುದು. ಹಿಂದಿನ ಸಿಐ-4, ಸಿಎಚ್-4 ಕೇಳುವ ಇಂಜಿನ್ನಿಗೂ ಆಗುವಂತೆಯೇ ಅದನ್ನು ರೂಪಿಸಿದ್ದಾರೆ. ಡೀಸೆಲ್‌ನಲ್ಲಿದ್ದ ಗಂಧಕ ಉರಿದು ಆಮ್ಲವಾಗುತ್ತಿತ್ತು, ಅದನ್ನು ತಣಿಸಲು ಹಳೆಯ ಆಯಿಲ್‌ಗಳಲ್ಲಿ, ಉರಿದಾಗ ಬೂದಿ ಬಿಡುವ ಕ್ಷಾರ ಹೆಚ್ಚು ಬೇಕಿತ್ತು. ಬಿಎಸ್-3ರ ಕಾಲದಲ್ಲಿ ಹತ್ತು ಲಕ್ಷಕ್ಕೆ 350 ಭಾಗ ಇದ್ದ ಗಂಧಕ ಬಿಎಸ್-4ರಲ್ಲಿ 50ಕ್ಕೆ ಇಳಿದು, 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ 10ಕ್ಕೆ ಬಂದಿದೆ. ಹಳೇ ಇಂಜಿನ್ನಿಗೆ ಸರ್ಕಾರದ ನಿಯಮದಿಂದ ಪುಕ್ಕಟೆಯಾಗಿ ಸಿಕ್ಕ ಉಪಕಾರ ಇದು. ಹಾಗಾಗಿ ಹೆಚ್ಚು ದುಡ್ಡು ಕೊಟ್ಟು ಸಿಕೆ-4 ಹಾಕಿದರೆ ಕೇಡಿಲ್ಲ, ಸಿಐ-4ರಲ್ಲೇ ಉಳಿದರೂ ನಷ್ಟವಿಲ್ಲ. ಉಲ್ಟಾ ಮಾತ್ರ ಮಾಡಬೇಡಿ: ಡಿಪಿಎಫ್ ಎಂಬ, ಹೊಗೆಯ ಮಸಿ ಸೋಸುವ ಫಿಲ್ಟರ್ ಇರುವ ಹೊಸ ಬಿಎಸ್-6 ಗಾಡಿಗೆ ಸಿಐ-4 ಹಾಕಿದರೆ ಬೂದಿ ಸೇರಿ ಸೇರಿ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಹಳೇದೊಂದು ಹೊಸದೊಂದು ಗಾಡಿ ಇದ್ದವರು ಡಬ್ಬಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಸಿಂಥೆಟಿಕ್ ಹಾಕಿದರೆ ಹಳೇ ಸೀಲ್ ತಿಂದುಹಾಕುತ್ತದೆ ಎಂಬ ಭಯವನ್ನು ಬಿಡಿ. ಸೀಲ್ ಮೊದಲೇ ಒಣಗಿ ಬಿರಿದಿದ್ದು, ಆ ಬಿರುಕನ್ನು ಜಿಡ್ಡು ಮುಚ್ಚಿಕೊಂಡಿದ್ದರೆ, ಜಿಡ್ಡು ಕರಗಿದಾಗ ಸೋರಿಕೆ ಹೊರಗೆ ಕಾಣುತ್ತದೆ, ಅಷ್ಟೆ. ಆದರೂ ಲೋಡ್ ಗಾಡಿಗೆ ದುಬಾರಿ ಸಿಂಥೆಟಿಕ್ ಹಾಕಿ ಇಪ್ಪತ್ತು ಸಾವಿರ ಕಿಲೋಮೀಟರ್ ಎಳೆಯುವುದಕ್ಕಿಂತ ಸಾಮಾನ್ಯ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದೇ ವಾಸಿ. ಎಷ್ಟು ಕಿಲೋಮೀಟರಿಗೆ ಎಂಬುದು ಪುಸ್ತಕದಲ್ಲಿದೆ. ಕಠಿಣ ಬಳಕೆಗೆ ಅಲ್ಲೇ ಬೇರೆ ಲೆಕ್ಕ ಕೊಟ್ಟಿರುತ್ತಾರೆ, ಆ ಸಾಲನ್ನು ಯಾರೂ ಓದುವುದಿಲ್ಲ. ಓವರ್‌ಲೋಡ್, ಕ್ವಾರಿಯ ಧೂಳು, ಚಾರ್ಮಾಡಿ ಶಿರಾಡಿಯಂಥ ಘಾಟಿ, ಮಂಡಿಯ ಮುಂದೆ ಇಂಜಿನ್ ಆಫ್ ಮಾಡದೆ ಗಂಟೆಗಟ್ಟಲೆ ಕಾಯುವುದು ಇವೆಲ್ಲ ಕಠಿಣ ಬಳಕೆಯೇ. ನಿಂತು ಓಡುವ ಇಂಜಿನ್ನಿಗೆ ಮೀಟರ್ ತಿರುಗುವುದಿಲ್ಲ, ಆಯಿಲ್ ಮಾತ್ರ ಹಾಳಾಗುತ್ತದೆ. ಆಯಿಲ್ ಬದಲಿಸಿದಾಗಲೆಲ್ಲ ಫಿಲ್ಟರ್ ಬದಲಾಗಬೇಕು, ಗಾಡಿ ಓಡದಿದ್ದರೂ ವರ್ಷಕ್ಕೊಮ್ಮೆ ಎರಡೂ ಬದಲಾಗಬೇಕು.

ಘಾಟಿಯ ಮಾತಿಗೆ ಸೇರಿಸಿ ಒಂದು ವಿಷಯ. ಕ್ರ್ಯಾಂಕ್ ತಿರುಗುವ ವೇಗದಿಂದಲೇ ಬೇರಿಂಗಿನಲ್ಲಿ ಆಯಿಲ್ ಪದರ ಎದ್ದು ನಿಲ್ಲುತ್ತದೆ. ಏರಿನಲ್ಲಿ ಟಾಪ್ ಗೇರಿನಲ್ಲೇ ಉಸಿರುಗಟ್ಟಿಸಿ ಎಳೆದರೆ ವೇಗ ಕಡಿಮೆ, ಭಾರ ಹೆಚ್ಚು, ಪದರ ತೆಳುವಾಗುತ್ತದೆ. ಒಂದು ಗೇರ್ ಇಳಿಸಿ ಹತ್ತಿಸುವ ಡ್ರೈವರ್, 50ರ ಆಯಿಲ್ ಮಾಡಲಾರದ ಉಪಕಾರ ಮಾಡುತ್ತಾನೆ.

ಇಂಜಿನ್ನಿನ ಸ್ಥಿತಿ ತಿಳಿಯಲು ಡಿಪ್‌ಸ್ಟಿಕ್‌ನಿಂದ ಶುರು ಮಾಡಿ. ಸಮತಟ್ಟಿನಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಎಳೆದು ನೋಡಿ. ಮಟ್ಟ ಇಳಿಯುತ್ತಿದ್ದು ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇದ್ದರೆ ಆಯಿಲ್ ಕುಡಿಯುತ್ತಿದೆ: ರಿಂಗ್, ವಾಲ್ವ್ ಸೀಲ್, ಇಲ್ಲವೇ ಟರ್ಬೊ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ದಾಟಿತೆಂದರೆ ಟಾಪ್‌ಅಪ್ ಮಾಡಿ ತಳ್ಳುವ ಕಾಲ ಮುಗಿಯಿತು. ಬ್ರೀದರ್ ಪೈಪಿನಲ್ಲಿ ಬುಸುಬುಸು ಎಂದು ಬ್ಯಾಕ್ ಕಂಪ್ರೆಶನ್ ಬಂದರೆ ಬೋರ್ ಸವೆದಿದೆ. ಅದನ್ನು ಯಾವ ಆಯಿಲೂ, ಯಾವ ಬಾಟಲಿಯ ಔಷಧವೂ ತುಂಬಿಕೊಡದು. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಿ. ಮಟ್ಟ ಇಳಿಯುವ ಬದಲು ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ ಇನ್ನೂ ಅಪಾಯ: ಇಂಜೆಕ್ಟರ್ ಅಥವಾ ಪಂಪ್ ಸೋರಿ ಆಯಿಲ್ ನೀರಾಗುತ್ತಿದೆ. ಅಂಥ ಗಾಡಿಯನ್ನು ಓಡಿಸಬೇಡಿ.

ಆಯಿಲ್ ಬಂಕಿನಲ್ಲೋ ಗೊತ್ತಿರುವ ಅಂಗಡಿಯಲ್ಲೋ ಕೊಳ್ಳಿ, ಸೀಲ್ ಒಡೆಯುವುದು ನಿಮ್ಮ ಕಣ್ಣೆದುರಿಗೇ ಆಗಲಿ, ಲೂಸ್ ಆಯಿಲ್ ಬೇಡ. ಇಳಿಸಿದ ಹಳೇ ಆಯಿಲನ್ನು ಚರಂಡಿಗೋ ತೋಟದ ಬದುವಿಗೋ ಸುರಿಯಬೇಡಿ. 2016ರ ನಿಯಮದಂತೆ ಅದು ಅಪಾಯಕಾರಿ ತ್ಯಾಜ್ಯ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮುಂಚೆ ಮೊಳೆ ಹೊಡೆದು ತೂತು ಮಾಡಿ. ಕಲಬೆರಕೆ ಆಯಿಲ್ ಮಾರುವವರಿಗೆ ಬೇಕಾಗಿರುವುದು ಅಸಲಿ ಲೇಬಲ್ ಇರುವ ಇಡೀ ಡಬ್ಬಿಯೇ.