ಪರ್ ಯೂನಿಟ್: ಯಂತ್ರಗಳಿಗೊಂದು ಸಮಾನ ಅಳತೆ

ಕಾರ್ಕಳದ ತೋಟದಲ್ಲಿ 7 ಆಂಪಿಯರ್‌ನ ಪಂಪ್ ಮೋಟಾರು ಇದೆಯೆನ್ನಿ. ಕಾಪು ತಾಲ್ಲೂಕಿನ ಎಲ್ಲೂರು ಉಷ್ಣವಿದ್ಯುತ್ ಸ್ಥಾವರದ ಒಂದೊಂದು ಜನರೇಟರ್ 600 ಮೆಗಾವಾಟ್‌ನದು. ಎರಡರಲ್ಲೂ 28 ಆಂಪಿಯರ್ ಹೆಚ್ಚಿಗೆ ಹರಿದರೇನಾದೀತು? ಜನರೇಟರಿಗೆ ಅದು ಲೆಕ್ಕಕ್ಕೇ ಇಲ್ಲ. ಮೋಟಾರಿನ ಸುರುಳಿ ಸುಟ್ಟೀತು.

ಆದ್ದರಿಂದ ಪ್ರತಿಯೊಂದು ಪರಿಮಾಣವನ್ನೂ ಆ ಯಂತ್ರದ ಫಲಕದಲ್ಲಿರುವ ಮೌಲ್ಯದಿಂದ, ಅಂದರೆ ಆಧಾರದಿಂದ, ಭಾಗಿಸುತ್ತಾರೆ. ಪೂರ್ಣ ಹೊರೆಯ ಪ್ರವಾಹ 1 ಪರ್ ಯೂನಿಟ್. ಮೋಟಾರಿನ 35 ಆಂಪಿಯರ್ ಈಗ 5. ಅಪಾಯ ತಾನಾಗಿ ಕಾಣುತ್ತದೆ.

ಆದರೆ ಎಚ್ಚರ! ಎಲ್ಲೂರಿನ ಜನರೇಟರಿಗೂ ಹೊಸಂಗಡಿಯ ವಾರಾಹಿ ಜಲವಿದ್ಯುದಾಗಾರದ 115 ಮೆಗಾವಾಟ್ ಯಂತ್ರಕ್ಕೂ ರಿಯಾಕ್ಟೆನ್ಸ್ 0.2 ಎಂದೇ ಇರಲಿ. ಆಧಾರ ಬೇರೆಯಾದ್ದರಿಂದ ಅವು ಸಮವಲ್ಲ. ಹೊಸ ಆಧಾರ ಸಾಮರ್ಥ್ಯವನ್ನು ಹಳೆಯದರಿಂದ ಭಾಗಿಸಿ, ಬಂದದ್ದರಿಂದ ಗುಣಿಸಿ ಒಂದೇ ಆಧಾರಕ್ಕೆ ತನ್ನಿ. ಇಲ್ಲವಾದರೆ ಶಾರ್ಟ್ ಸರ್ಕಿಟ್ ಪ್ರವಾಹದ ಲೆಕ್ಕ ತಪ್ಪುತ್ತದೆ. ಆ ಲೆಕ್ಕ ನಂಬಿ ಆರಿಸಿದ ಬ್ರೇಕರ್ ಆಪತ್ತಿಗೆ ಸಾಲದಾದೀತು.