‘ಉಷ್ಣ’ವೆಂಬ ಪದವೂ ಸ್ತ್ರೀಯರ ಮೂತ್ರವ್ಯಾಧಿಯೂ

ಮೂತ್ರವು ಉರಿದರೆ ‘ಉಷ್ಣವಾಗಿದೆ’ ಎಂಬುದು ರೂಢಿ. ವೈದ್ಯಶಾಸ್ತ್ರದ ‘ಮೂತ್ರಕೃಚ್ಛ್ರ’ವಾದರೋ ಮೂತ್ರವಿಸರ್ಜನೆಯ ಕಷ್ಟವನ್ನು ಹೇಳುವ ಪದ. ಈ ಉರಿಗೆ ಕಾರಣವು ಬಹುಮಟ್ಟಿಗೆ ಕರುಳಿನ ಸೂಕ್ಷ್ಮಾಣು. ಸ್ತ್ರೀಯರ ಮೂತ್ರನಾಳವು ಸುಮಾರು 4 ಸೆಂಟಿಮೀಟರುಗಳಷ್ಟೇ ಆದುದರಿಂದ ಅದು ಮೂತ್ರಕೋಶವನ್ನು ಸುಲಭವಾಗಿ ಸೇರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ನೀರುಣ್ಣುವ ಸಿಂಧನೂರಿನ ಗದ್ದೆಗಳಲ್ಲಿ ನಾಟಿಮಾಡುವ, ಲಿಂಗಸುಗೂರು ಮಸ್ಕಿಗಳ ಬಿಸಿಲಿನಲ್ಲಿ ಕಳೆತೆಗೆಯುವ ಸ್ತ್ರೀಯರು ಮರೆಯಾದ ಸ್ಥಳವಿಲ್ಲದಿರೆ ನೀರನ್ನು ಕಡಮೆ ಕುಡಿದು ಮೂತ್ರವನ್ನು ತಡೆಯಬೇಕಾಗುತ್ತದೆ. ವ್ಯಾಧಿಗೆ ಇದು ಆಸ್ಪದ. ಮೈಭಾರವು ಹೆಚ್ಚಿದವರಲ್ಲಿ ಕೆಮ್ಮಿದಾಗ ಮೂತ್ರ ಸೋರುವುದುಂಟು. ಅದು ಬೇರೆ ತೊಂದರೆ. ಮುಂದಿನಿಂದ ಹಿಂದಕ್ಕೆ ತೊಳೆಯುವುದು ಹಿತ. ಒಳಭಾಗಕ್ಕೆ ಸಾಬೂನು ಅಹಿತ. ಜ್ವರ, ಪಕ್ಕೆನೋವು ಕೂಡಿದರೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಸ್ಥಳದ ಕೊರತೆಯನ್ನು ದೇಹದ ಉಷ್ಣವೆಂದು ಕರೆದರೆ ಪದವು ಕಾರಣವನ್ನು ಮರೆಮಾಡಿದಂತಾಗುವುದು.